ಮೆಟ್ರೋ ಪಕ್ಕದ ಚಿಕ್ಕ ಮನೆಯೋ, ದೂರದ ದೊಡ್ಡ ಮನೆಯೋ?

ಬೆಂಗಳೂರಿನಲ್ಲಿ ಕಡಿಮೆ ಬಜೆಟ್ ಇದ್ದವರ ಮುಂದೆ ಎರಡು ದಾರಿ. ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಕಡೆ ಒಂದು ಬೆಡ್‌ರೂಮಿನ ಮನೆ. ಇಲ್ಲವೇ ನೇರಳೆ ಮಾರ್ಗದ ಕೊನೆ ನಿಲ್ದಾಣ ಚಲ್ಲಘಟ್ಟವನ್ನೂ ದಾಟಿ, ಕಣಿಮಿಣಿಕೆ ಕಡೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಫ್ಲಾಟ್.

ಬಿಡಿಎ ಫ್ಲಾಟ್‌ನಲ್ಲಿ ಜಾಗ ಜಾಸ್ತಿ, ದಾಖಲೆಯ ತಲೆನೋವು ಕಡಿಮೆ. ಆದರೆ ನಿಲ್ದಾಣ ತಲುಪಲು ದಿನಾ ಬಸ್ಸೋ ಆಟೋನೋ ಬೇಕು. ಕೊನೆಗೆ ಸ್ಕೂಟರ್ ಕೊಳ್ಳುತ್ತೀರಿ. ಅದರ ಕಂತು, ಪೆಟ್ರೋಲ್ ಎರಡನ್ನೂ ಮನೆಯ ಲೆಕ್ಕಕ್ಕೇ ಸೇರಿಸಿ.

ಚಿಕ್ಕ ಮನೆಗೆ ತೆರಿಗೆಯೂ ಕಡಿಮೆ. ಇನ್ನೂ ಕಟ್ಟುತ್ತಿರುವ ಫ್ಲಾಟ್ 60 ಚದರ ಮೀಟರ್ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಮತ್ತು 45 ಲಕ್ಷ ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಶೇ 1. ಮೀರಿದರೆ ಶೇ 5. ನಿಲ್ದಾಣದ ಸುತ್ತ ಆ ಬೆಲೆಗೆ ಹುಡುಕುವುದೇ ಕಷ್ಟ. ಬಿಲ್ಡರ್‌ಗಳಿಗೆ ಹೆಚ್ಚು ಮಹಡಿ ಕಟ್ಟಲು ಅನುಮತಿ ಕೊಡುವಾಗ ಇಂಥ ಮನೆಗಳನ್ನೂ ಕಡ್ಡಾಯ ಮಾಡಬೇಕು, ಅಲ್ವಾ?

ಮೆಟ್ರೋ ಅಗ್ಗವೇನಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಮೆಟ್ರೋಗಿಲ್ಲ. ಮನೆಯ ಹೆಂಗಸರು ಕೆಲಸಕ್ಕೆ ಹೋಗುವವರಾದರೆ ಬಿಎಂಟಿಸಿ ಬಸ್ ಚೆನ್ನಾಗಿರುವ ಬಡಾವಣೆಯೇ ಲಾಭ.

ಇಬ್ಬರೇ ಇದ್ದು, ಕೆಲಸ ಊರೊಳಗಿದ್ದರೆ ಚಿಕ್ಕ ಮನೆ. ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ ಕಣಿಮಿಣಿಕೆ.