ಒಂದು ಲೋಡ್ ಜೋಳ ಕಳೆದುಕೊಂಡು ಸೇರಿದ ಇಂಗ್ಲಿಷ್ ಕ್ಲಾಸು

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಹೋದ ವರ್ಷ ಮಳೆ ಹಿಡಿದು ಲಾರಿ ಎರಡು ದಿನ ತಡವಾಯಿತು. ನಾಮಕ್ಕಲ್‌ನ ಕೋಳಿ ಫೀಡ್ ಪಾರ್ಟಿಗೆ ‘ಲೋಡ್ ಈಸ್ ಕಾಲ್ಡ್ ಆಫ್’ ಅಂತ ಮೇಲ್ ಹಾಕಿದೆ. ಮುಂದಕ್ಕೆ ಹೋಗಿದೆ ಅಂತ ನನ್ನ ಅರ್ಥ. ರದ್ದಾಗಿದೆ ಅಂತ ಅವರು ಓದಿಕೊಂಡರು. ಓದಿದ್ದು ಸರಿಯೇ. ಸಂಜೆಯೊಳಗೆ ಬೇರೆ ಕಡೆ ಮಾಲು ಹಿಡಿದರು. ಸಾಹುಕಾರರು ಬೈಯಲಿಲ್ಲ, ಸುಮ್ನೆ ಮುಖ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗೆ ಸೇರಿದ್ದು ವಿದ್ಯಾನಗರದ ಈ ಸಂಜೆ ಕ್ಲಾಸಿಗೆ. ಎರಡು ತಿಂಗಳು, 3,000 ರೂಪಾಯಿ.

ಮೇಡಂ ಮೊದಲ ದಿನವೇ ಬೋರ್ಡಿನ ಮೇಲೆ ಕನ್ನಡದಲ್ಲಿ ನಾಲ್ಕು ಮಾತು ಬರೆದರು: ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು. ‘ಗೆಳೆಯ ಕೈಕೊಟ್ಟ ಅಂದ್ರೆ ಕೈ ಚಾಚಿದ ಅಂತಲಾ?’ ಅಂದರು. ಇಡೀ ಕ್ಲಾಸು ನಕ್ಕಿತು. ಫ್ರೇಸಲ್ ವರ್ಬ್, ಅಂದರೆ ‘ಪುಟ್’ನಂಥ ಕ್ರಿಯಾಪದಕ್ಕೆ ‘ಆಫ್’, ‘ಅಪ್’ನಂಥ ಪುಟ್ಟ ಪದ ಸೇರಿ ಆಗುವ ಮಾತು, ಕೂಡ ಹೀಗೇ. ಬಿಡಿ ಪದಗಳ ಅರ್ಥ ಕೂಡಿಸಿದರೆ ಲೆಕ್ಕ ತಪ್ಪುತ್ತೆ. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೋ. ನನಗೆ ಬೇಕಿದ್ದದ್ದು ಆ ‘ಪುಟ್ ಆಫ್’ ನೋಡಿ.

ಇಷ್ಟೇ ಆಗಿದ್ದರೆ ಮೊಬೈಲಲ್ಲೇ ಕಲಿಯಬಹುದಿತ್ತು. ಬರೆಸಿ ತಿದ್ದುತ್ತಾರೆ, ಅದು ಇಲ್ಲಿ ಜಾಸ್ತಿ. ನನ್ನ ‘ಪುಟ್ ಆಫ್ ಇಟ್’ ಮೇಲೆ ಕೆಂಪು ಗೆರೆ ಬಿತ್ತು: ‘ಇಟ್’ ನಡುವೆ ಬರಬೇಕು, ‘ಪುಟ್ ಇಟ್ ಆಫ್’. ಆದರೆ ‘ಲುಕ್ ಆಫ್ಟರ್ ಇಟ್’ನಲ್ಲಿ ಹಾಗೆ ಒಡೆಯುವಂತಿಲ್ಲ. ‘ಸೆಟ್ ಅಪ್’ ಕೆಲಸವಾದರೆ ಬಿಡಿಸಿ ಬರೆಯಬೇಕು, ವಸ್ತುವಾದರೆ ಕೂಡಿಸಿ. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಅಲ್ಲ, ‘ಮೀಟಿಂಗ್’. ನಾನು ಎಷ್ಟು ಮೇಲ್‌ಗಳ ಕೊನೆಗೆ ‘ಮೀಟ್’ ಅಂತ ಬರೆದಿದ್ದೇನೋ, ದೇವರಿಗೇ ಗೊತ್ತು.

ಇನ್ನೊಂದು ಮಾತು ಹಿಡಿಸಿತು. ವ್ಯವಹಾರದ ಪತ್ರದಲ್ಲಿ ಅನುಮಾನ ಬಂದರೆ ‘ಪೋಸ್ಟ್‌ಪೋನ್’ ಅಂತ ಒಂದೇ ಪದ ಬರೆಯಿರಿ, ಶೋಕಿ ಬೇಡ ಅಂದರು.

ತೊಂದರೆ ಇಲ್ಲವೇ? ಇವೆ. ಜೆರಾಕ್ಸ್ ನೋಟ್ಸು ಮಸುಕು. ಫ್ಯಾನಿನ ಗರಗರಕ್ಕೆ ಹಿಂದಿನ ಸಾಲಿಗೆ ಏನೂ ಕೇಳಲ್ಲ. ಬ್ಯಾಚಿಗೆ 15 ಜನ ಅಂದವರು 28 ಜನರನ್ನು ತುಂಬಿದ್ದಾರೆ. ಎಲ್ಲಕ್ಕಿಂತ ತಮಾಷೆ, ಕ್ಲಾಸಿನ ಪಾಂಪ್ಲೆಟ್ಟಿನಲ್ಲೇ ‘ಕೋಪ್ ಅಪ್ ವಿತ್’ ಅಂತ ಅಚ್ಚಾಗಿತ್ತು! ‘ಕೋಪ್ ವಿತ್’ ಸಾಕು, ‘ಅಪ್’ ಬೇಡ ಅಂತ ಅದೇ ವಾರ ಪಾಠ ಆಗಿತ್ತು. ಮೇಡಂಗೆ ತೋರಿಸಿದೆ. ಒಂದು ಕ್ಷಣ ಸುಮ್ಮನಿದ್ದು, ಟೇಬಲ್ ಮೇಲಿದ್ದ ಕಟ್ಟು ಎಳೆದುಕೊಂಡು, ಒಂದೊಂದರಲ್ಲೂ ‘ಅಪ್’ ಹೊಡೆದುಹಾಕುತ್ತಾ ಕೂತರು.

ಐದಕ್ಕೆ ನಾಲ್ಕು ಕೊಡ್ತೀನಿ. ಸೇರುವವರು ಆರು ಗಂಟೆಗೆ ಹತ್ತು ನಿಮಿಷ ಮುಂಚೆ ಹೋಗಿ, ಮುಂದಿನ ಬೆಂಚು ಹಿಡಿಯಿರಿ.