ತಿಂಗಳುಗಟ್ಟಲೆ ಕೇಳಿದ ಮೇಲೆ: ಈಚಿನ ಕೆಲವು ಆಲ್ಬಮ್‌ಗಳು

ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ ‘ಎಂಡ್‌ಸಾಂಗ್’ ಶುರುವಾಗಿ 6 ನಿಮಿಷವಾದರೂ ಗಾಯಕ ರಾಬರ್ಟ್ ಸ್ಮಿತ್ ಹಾಡುವುದಿಲ್ಲ. ಡ್ರಮ್ಸ್ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿರುತ್ತದೆ. ಅದರ ಮೇಲೆ ಗಿಟಾರ್ ಅಳುತ್ತಿರುತ್ತದೆ. ಮೊದಲ ಸಲ ಕೇಳುವಾಗ ನಡುವೆ ಎರಡು ಸಲ ಫೋನ್ ತೆಗೆದು ನೋಡಿದ್ದೆ, ಬರೀ ವಾದ್ಯಗಳ ಆವೃತ್ತಿ ಹಾಕಿಕೊಂಡೆನಾ ಅಂತ. ಈಗ ಆ 6 ನಿಮಿಷಕ್ಕಾಗಿಯೇ ಆ ಹಾಡು ಹಾಕುತ್ತೇನೆ.

ಹೊಸ ಆಲ್ಬಮ್ ಬಂದ ವಾರದಲ್ಲೇ ಅದರ ಬಗ್ಗೆ ಬರೆಯುವುದನ್ನು ನಾನು ಬಿಟ್ಟು ಕೆಲವು ವರ್ಷವಾಯಿತು. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಪುಟದಲ್ಲಿ ಮೊದಲ ವಾರದ ಅಂಕ, ಬಲಪುಟದಲ್ಲಿ ಆರು ತಿಂಗಳಾದ ಮೇಲಿನ ಅಂಕ. ಎರಡೂ ಹತ್ತಕ್ಕೆ. ಎರಡೂ ಕಡೆ ಒಂದೇ ಅಂಕ ಬಿದ್ದಿರುವುದು ತೀರಾ ಕಡಿಮೆ. ಇಲ್ಲಿ ಬರೆಯುತ್ತಿರುವುದು ಬಲಪುಟದ ಮಾತು, 2023 ಮತ್ತು 2024ರಲ್ಲಿ ಬಂದು ಇನ್ನೂ ನನ್ನ ಜೊತೆಗಿರುವ, ಇಲ್ಲವೇ ನಡುವೆ ಕೈಬಿಟ್ಟು ಹೋದ ಸಂಗೀತದ ಬಗ್ಗೆ.

ಮೊದಲು ದಿ ಕ್ಯೂರ್. ‘ಎಂಡ್‌ಸಾಂಗ್’ ಇರುವ ಆಲ್ಬಮ್ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ 2024ರ ನವೆಂಬರ್ 1ರಂದು ಬಂತು. ಅದಕ್ಕೆ ಹಿಂದಿನ ಆಲ್ಬಮ್ ಬಂದಿದ್ದು 2008ರಲ್ಲಿ. 16 ವರ್ಷ ಕಾಯಿಸಿ ಕೊಟ್ಟಿದ್ದು 8 ಹಾಡು, 50 ನಿಮಿಷಕ್ಕೂ ಕಡಿಮೆ. ನನ್ನ ಎಡಪುಟದಲ್ಲಿ ಇದಕ್ಕೆ 6 ಅಂಕ ಇದೆ. ಪಕ್ಕದಲ್ಲಿ ‘ಎಲ್ಲ ಒಂದೇ ಥರ, ಸುಮ್ನೆ ಎಳೆದಿದ್ದಾರೆ’ ಅಂತ ಬರೆದಿದ್ದೇನೆ. ಬಲಪುಟದಲ್ಲಿ ಒಂಬತ್ತೂವರೆ.

ಆ ಮೂರೂವರೆ ಅಂಕ ಬಂದಿದ್ದು ಕಾಯುವುದನ್ನು ಕಲಿತಿದ್ದರಿಂದ. ಮೊದಲ ಹಾಡು ‘ಅಲೋನ್’ನಲ್ಲೂ 3 ನಿಮಿಷ ದಾಟಿದ ಮೇಲೇ ದನಿ ಬರುತ್ತದೆ. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕ. ಅದಕ್ಕೇ ಈಗ ಎಷ್ಟೋ ಹಾಡುಗಳಲ್ಲಿ ಪಲ್ಲವಿಯನ್ನೇ ಎಳೆದು ತಂದು ಮುಂದೆ ಕೂರಿಸುತ್ತಾರೆ, ಕೇಳುವವರು ಜಾರಿಕೊಳ್ಳದಿರಲಿ ಅಂತ. ಅಂಥ ಕಾಲದಲ್ಲಿ ಈ ಮನುಷ್ಯ 3 ನಿಮಿಷ ಬರೀ ವಾದ್ಯ ನುಡಿಸಿ, ನಾವು ಕೂತಿರುತ್ತೇವೆ ಅಂತ ನಂಬಿದ್ದಾರೆ. ಆ ನಂಬಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದನಿ ಕೊನೆಗೂ ಬಂದಾಗ, ಬಾಗಿಲಲ್ಲಿ ಯಾರೋ ಬಹಳ ಹೊತ್ತಿನಿಂದ ನಿಂತಿದ್ದು ಈಗ ಒಳಗೆ ಬಂದ ಹಾಗಾಗುತ್ತದೆ.

‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಸ್ಮಿತ್ ತೀರಿಕೊಂಡ ತಮ್ಮ ಅಣ್ಣನ ಬಗ್ಗೆ ಬರೆದಿದ್ದು. ಪಿಯಾನೋದಲ್ಲಿ ನಾಲ್ಕಾರು ಸ್ವರ, ಅವೇ ಮತ್ತೆ ಮತ್ತೆ. ಮೊದಲ ವಾರ ಇದು ಬಡ ಸಂಯೋಜನೆ ಅನ್ನಿಸಿತ್ತು. ಆಮೇಲೆ ನನಗೆ ಹತ್ತಿರದವರೊಬ್ಬರು ಹೋದರು. ಅವರು ಹೋದ ವಾರ ನನ್ನ ತಲೆಯಲ್ಲೂ ಒಂದೇ ಮಾತು ಹೀಗೇ ಸುತ್ತುತ್ತಿತ್ತು, ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಆ ಪಿಯಾನೋ ಯಾಕೆ ಬೇರೆ ಸ್ವರಕ್ಕೆ ಹೋಗುವುದಿಲ್ಲ ಅಂತ ಆಗ ಗೊತ್ತಾಯಿತು.

ದೂರೂ ಇದೆ. ಸದ್ದನ್ನು ಜಾಸ್ತಿ ಒತ್ತಿ ತುಂಬಿದ್ದಾರೆ. ಸಣ್ಣ ಇಯರ್‌ಫೋನ್‌ನಲ್ಲಿ ಗಿಟಾರ್, ಕೀಬೋರ್ಡ್ ಎಲ್ಲ ಸೇರಿ ಮುದ್ದೆಯಾಗುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಸ್ವಲ್ಪ ಇಳಿಸಿ ಕೇಳಿ. ‘ಡ್ರೋನ್: ನೋಡ್ರೋನ್’ ಮಾತ್ರ ಇವತ್ತಿಗೂ ನನಗೆ ಹತ್ತಿಲ್ಲ, ಅರ್ಧ ಅಂಕ ಹೋಗಿದ್ದು ಅಲ್ಲೇ.

ಬಿಲ್ಲಿ ಐಲಿಷ್ ಅವರ ‘ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್’ ವಿಷಯದಲ್ಲಿ ನನ್ನ ಎರಡೂ ಪುಟ ಒಂದೇ ಹೇಳುತ್ತವೆ: 9. 2024ರ ಮೇ 17ಕ್ಕೆ ಬಂದ ಈ ಆಲ್ಬಮ್‌ನ ಒಂದು ಹಾಡನ್ನೂ ಮುಂಚೆ ಬಿಡುಗಡೆ ಮಾಡಲಿಲ್ಲ. ಕೇಳಿದರೆ ಪೂರ್ತಿ ಕೇಳಿ ಅನ್ನುವುದು ಅವರ ಆಸೆಯಾಗಿತ್ತು. 10 ಹಾಡು, 44 ನಿಮಿಷದೊಳಗೆ ಮುಗಿಯುತ್ತದೆ. ಹಳೆಯ ಎಲ್‌ಪಿ ತಟ್ಟೆಯ ಎರಡು ಮಗ್ಗುಲಿಗೆ ಸರಿಯಾಗಿ ಹಿಡಿಸುವ ಅಳತೆ. ಈ ಅಳತೆಯಲ್ಲಿ ಏನೋ ಇದೆ. ಒಂದು ನಡಿಗೆಗೆ ಹೋಗಿ ಬರುವಷ್ಟು ಹೊತ್ತು. ಮನಸ್ಸು ಎಲ್ಲೂ ಬೇರೆ ಕಡೆ ಹರಿಯುವುದಿಲ್ಲ.

ಎಲ್ಲರ ಬಾಯಲ್ಲೂ ಇದ್ದ ಹಾಡು ‘ಬರ್ಡ್ಸ್ ಆಫ್ ಎ ಫೆದರ್’. ಒಳ್ಳೆಯ ಹಾಡೇ, ಆದರೆ ಕೇಳಿ ಕೇಳಿ ಸವೆದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಲಾಮೂರ್ ದ ಮಾ ವೀ’. ಮೊದಲ ಭಾಗ ನಿಧಾನ, ಹಳೆಯ ಕ್ಲಬ್ಬಿನಲ್ಲಿ ಕೂತು ಹಾಡಿದ ಹಾಗೆ. ಹಾಡು ಮುಗಿಯಿತು ಅನ್ನುವಷ್ಟರಲ್ಲಿ ನೆಲವೇ ಜಾರುತ್ತದೆ. ದನಿಯನ್ನು ಯಂತ್ರಕ್ಕೆ ಕೊಟ್ಟು, ಬೀಟ್ ಏರಿಸಿ, ಕುಣಿತದ ಹಾಡು ಮಾಡಿಬಿಡುತ್ತಾರೆ. ಸುಳ್ಳು ಹೇಳಿ ಸಂಬಂಧ ಉಳಿಸಿಕೊಂಡಿದ್ದವಳು ಸುಳ್ಳು ಬಿಟ್ಟ ಗಳಿಗೆ ಅದು ಅಂತ ನನ್ನ ಓದು. ಸಾಹಿತ್ಯದಲ್ಲಿ ಹೇಳುವುದಕ್ಕಿಂತ ಜಾಸ್ತಿಯನ್ನು ಆ ತಿರುವು ಹೇಳುತ್ತದೆ. ಅಣ್ಣ ಫಿನಿಯಸ್ ಅವರ ಕೈಕೆಲಸ ಇಲ್ಲಿ ಎದ್ದು ಕಾಣುತ್ತದೆ. ಕೊನೆಯ ಹಾಡು ‘ಬ್ಲೂ’ ಮುಗಿಯುವಾಗ, ಮುಂದಿನದು ಯಾವಾಗ ಕೇಳಬಹುದು ಅಂತ ಒಂದು ಮಾತು ಬರುತ್ತದೆ. ಆಮೇಲೆ ಮೌನ.

ಆ ಮೌನ ನನಗೆ ಬೇಕು. ನಾನು ಬಳಸುವ ಆ್ಯಪ್ ಅದನ್ನು ಕೊಡುವುದಿಲ್ಲ. ಆಲ್ಬಮ್ ಮುಗಿದ ಕೂಡಲೇ ‘ಇದೇ ಥರದ’ ಇನ್ನೊಂದು ಹಾಡನ್ನು ತಂದು ತುರುಕುತ್ತದೆ. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದ್ದೆ. ಅಪ್‌ಡೇಟ್ ಆದ ಮೇಲೆ ಮತ್ತೆ ಆನ್ ಆಗಿತ್ತು. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಹಾಡಿಗೂ ಹಾಡಿಗೂ ನಡುವೆ ಎಷ್ಟು ಬಿಡುವು ಬೇಕು ಅಂತ ಕೂತು ಯೋಚಿಸಿ ಕತ್ತರಿಸಿರುತ್ತಾರೆ. 2021ರಲ್ಲಿ ಅಡೆಲ್ ಕೇಳಿದ್ದಕ್ಕೆ ಸ್ಪಾಟಿಫೈನವರು ಆಲ್ಬಮ್‌ಗಳನ್ನು ಕಲಸಿ ಹಾಕುವ ಬದಲು ಇದ್ದ ಅನುಕ್ರಮದಲ್ಲೇ ನುಡಿಸುವ ಹಾಗೆ ಬದಲಾಯಿಸಿದರು. ಅಂಥ ಕೆಲಸ ಇನ್ನೂ ಆಗಬೇಕು. ನಿಮ್ಮ ಫೋನ್‌ನಲ್ಲಿ ಆಟೋಪ್ಲೇ ಎಲ್ಲಿದೆ ಅಂತ ಹುಡುಕಿ, ದಯವಿಟ್ಟು ಆಫ್ ಮಾಡಿ.

ಉದ್ದದ ಮಾತು ಬಂತಲ್ಲ, ಟೇಲರ್ ಸ್ವಿಫ್ಟ್ ಅವರ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ 2024ರ ಏಪ್ರಿಲ್ 19ರಂದು 16 ಹಾಡಿನ ಜೊತೆ ಬಂತು. 2 ಗಂಟೆ ಬಿಟ್ಟು ಇನ್ನೂ 15 ಹಾಡು ಸೇರಿದವು. ಒಟ್ಟು 31. ಇದರಲ್ಲಿ ಒಂದು ಅಪ್ಪಟ ಒಳ್ಳೆಯ ಆಲ್ಬಮ್ ಇದೆ, ಆದರೆ ಅದನ್ನು ನಾವೇ ಆರಿಸಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಉಳಿದಿರುವುದು 7 ಹಾಡು. ಅವು ಗಟ್ಟಿ.

ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ ಕೂಡ ಉದ್ದವೇ, 27 ತುಣುಕು, 78 ನಿಮಿಷ. ಆದರೆ ಅಲ್ಲಿ ಉದ್ದಕ್ಕೆ ಕಾರಣ ಇದೆ. ಬಿಳಿಯರದ್ದು ಅಂತಲೇ ಹೆಸರಾದ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ನಿಜಕ್ಕೂ ಯಾರ ಸೊತ್ತು ಅನ್ನುವ ವಾದವನ್ನು ಅವರು ಹಾಡುಗಳ ಮೂಲಕ ಕಟ್ಟುತ್ತಾ ಹೋಗುತ್ತಾರೆ. 1969ರಲ್ಲಿ ಕಂಟ್ರಿಯ ಹೆಸರಾಂತ ವೇದಿಕೆ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಹಾಡಿದ ಕಪ್ಪು ಗಾಯಕಿ ಲಿಂಡಾ ಮಾರ್ಟೆಲ್ ಅವರ ದನಿಯನ್ನು ನಡುವೆ ತಂದು ಮಾತಾಡಿಸುತ್ತಾರೆ. ಬೀಟಲ್ಸ್‌ನ ‘ಬ್ಲ್ಯಾಕ್‌ಬರ್ಡ್’ ಅನ್ನು ನಾಲ್ವರು ಕಪ್ಪು ಕಂಟ್ರಿ ಗಾಯಕಿಯರ ಜೊತೆ ಹಾಡುತ್ತಾರೆ. ಅದರಲ್ಲಿ ಕೇಳುವ ಗಿಟಾರ್ ಹೊಸದಾಗಿ ನುಡಿಸಿದ್ದಲ್ಲ, 1968ರಲ್ಲಿ ಪಾಲ್ ಮೆಕಾರ್ಟ್ನಿ ನುಡಿಸಿದ್ದೇ. ಗಮನ ಇಟ್ಟು ಕೇಳಿದರೆ ಅವರು ಕಾಲಲ್ಲಿ ತಾಳ ಹಾಕುವ ಟಕ್ ಟಕ್ ಸದ್ದೂ ಹಾಗೇ ಇದೆ. ಆ ಹಳೆಯ ತಾಳಕ್ಕೆ ಈ ಹೊಸ ದನಿಗಳು ಹೆಜ್ಜೆ ಹಾಕುವುದನ್ನು ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 2025ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಇದಕ್ಕೇ ಬಂತು. ಸರಿಯಾಗಿಯೇ ಬಂತು. ನಾನು ಮಾತ್ರ ಇದನ್ನು ಒಂದೇ ಕೂತಿಗೆ ಕೇಳುವುದಿಲ್ಲ, ಎರಡು ದಿನಕ್ಕೆ ಹಂಚಿಕೊಳ್ಳುತ್ತೇನೆ. ಬಲಪುಟದಲ್ಲಿ 8.

ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅಂತಾರಲ್ಲ, ರೋಲಿಂಗ್ ಸ್ಟೋನ್ಸ್ ವಿಷಯದಲ್ಲಿ ಅದು ನಿಜ. 2023ರ ಅಕ್ಟೋಬರ್‌ನಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಬಂದಾಗ ಮಿಕ್ ಜ್ಯಾಗರ್‌ಗೆ 80. ಮೊದಲರ್ಧ ಅಬ್ಬರ ಜಾಸ್ತಿ, ನನಗೆ ಅಷ್ಟಾಗಿ ಉಳಿದಿಲ್ಲ. ಕೊನೆಯ ಹಾಡಿಗೆ ಮಾತ್ರ ಮತ್ತೆ ಮತ್ತೆ ಹೋಗುತ್ತೇನೆ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ಯಾವ ಹಾಡಿನಿಂದ ತಂಡಕ್ಕೆ ಹೆಸರು ಬಂತೋ ಅದೇ ಹಾಡು. ಬ್ಯಾಂಡ್ ಇಲ್ಲ. ಕೀತ್ ರಿಚರ್ಡ್ಸ್ ಅವರ ಒಂದು ಗಿಟಾರ್, ಮಿಕ್ ಅವರ ದನಿ ಮತ್ತು ಹಾರ್ಮೋನಿಕಾ, ಅಷ್ಟೇ. ಇಬ್ಬರು ಹುಡುಗರು ಎಲ್ಲಿಂದ ಹೊರಟರೋ ಅಲ್ಲಿಗೇ ಬಂದು ಕೂತಿದ್ದಾರೆ.

ಪೀಟರ್ ಗೇಬ್ರಿಯಲ್ ಅವರ ‘ಐ/ಓ’ ಜೊತೆ ನಾನು ಇಡೀ 2023 ಕಳೆದೆ. ಜನವರಿಯಿಂದ ಶುರುಮಾಡಿ ಪ್ರತಿ ಹುಣ್ಣಿಮೆಗೆ ಒಂದು ಹಾಡು ಬಿಟ್ಟರು. ಡಿಸೆಂಬರ್ 1ಕ್ಕೆ ಆಲ್ಬಮ್ ಬಂತು, 2002ರ ನಂತರ ಹೊಸ ಹಾಡುಗಳಿರುವ ಅವರ ಮೊದಲ ಆಲ್ಬಮ್. ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಕೊಂಡು ಕಾಯುವ ಸುಖವನ್ನು ಬೇರೆ ಯಾವ ಆಲ್ಬಮ್ಮೂ ನನಗೆ ಕೊಟ್ಟಿಲ್ಲ. ಅದರಿಂದ ಒಂದು ನಷ್ಟವೂ ಆಯಿತು. ಪೂರ್ತಿ ಆಲ್ಬಮ್ ಕೈಗೆ ಬರುವ ಹೊತ್ತಿಗೆ ಬಹುಪಾಲು ಹಾಡುಗಳು ಆಗಲೇ ಹಳೆಯ ಪರಿಚಯ. ಅವನ್ನು ಒಟ್ಟಿಗೆ ಒಂದೇ ವಸ್ತುವಾಗಿ ಕೇಳುವುದಕ್ಕೆ ನನಗೆ ಇನ್ನೂ ಆರು ತಿಂಗಳು ಬೇಕಾಯಿತು.

ಇದರ ವಿಶೇಷ ಅಂದರೆ ಅದೇ 12 ಹಾಡುಗಳ ಬೇರೆ ಬೇರೆ ಮಿಕ್ಸ್. ‘ಬ್ರೈಟ್ ಸೈಡ್’ ಮಿಕ್ಸ್ ಮಾಡಿದ್ದು ಸ್ಪೈಕ್ ಸ್ಟೆಂಟ್, ‘ಡಾರ್ಕ್ ಸೈಡ್’ ಮಾಡಿದ್ದು ಚ್ಯಾಡ್ ಬ್ಲೇಕ್. ಹಾಡಿಕೆ ಅದೇ, ನುಡಿಸಿಕೆ ಅದೇ. ಯಾವುದನ್ನು ಮುಂದೆ ತರುವುದು, ಯಾವುದನ್ನು ಹಿಂದೆ ಸರಿಸುವುದು ಅನ್ನುವುದಷ್ಟೇ ಬೇರೆ. ಒಂದು ವಾರ ಅದು, ಒಂದು ವಾರ ಇದು ಅಂತ ಬಹಳ ದಿನ ಬದಲಾಯಿಸಿ ಕೇಳಿದೆ. ‘ಅಂಡ್ ಸ್ಟಿಲ್’ ಅವರು ತಾಯಿಯ ನೆನಪಿಗೆ ಮಾಡಿದ ಹಾಡು. ಬ್ರೈಟ್‌ನಲ್ಲಿ ಕೇಳಿದಾಗ ಬೆಳಕಿರುವ ಕೋಣೆಯಲ್ಲಿ ಕೂತು ಹಾಡುತ್ತಿದ್ದಾರೆ ಅನ್ನಿಸುತ್ತದೆ. ಡಾರ್ಕ್‌ನಲ್ಲಿ ಅದೇ ದನಿ ಕಿವಿಗೆ ಇನ್ನೂ ಹತ್ತಿರ ಬರುತ್ತದೆ. ಮಿಕ್ಸಿಂಗ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ವಿವರಿಸುವ ಗೋಜಿಗೆ ಹೋಗುವುದಿಲ್ಲ, ಈ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸುತ್ತೇನೆ. ನನ್ನ ಒಲವು ಡಾರ್ಕ್ ಕಡೆಗೆ. ಟೋನಿ ಲೆವಿನ್ ಅವರ ಬೇಸ್ ಅಲ್ಲಿ ಉಸಿರಾಡುತ್ತದೆ. ‘ರೋಡ್ ಟು ಜಾಯ್’ ಎರಡರಲ್ಲೂ ನನಗೆ ಬಲವಂತದ ಉತ್ಸಾಹವಾಗಿ ಕೇಳುತ್ತದೆ.

ಆಂಡ್ರೆ 3000 ಅವರ ‘ನ್ಯೂ ಬ್ಲೂ ಸನ್’ ಅನ್ನು ಎಡಪುಟದಲ್ಲಿ 4 ಕೊಟ್ಟು ಮುಚ್ಚಿಟ್ಟಿದ್ದೆ. ಔಟ್‌ಕಾಸ್ಟ್ ಅನ್ನುವ ಜೋಡಿಯ ಅಷ್ಟು ದೊಡ್ಡ ರ್‍ಯಾಪರ್, 2023ರ ನವೆಂಬರ್‌ನಲ್ಲಿ ತನ್ನ ಮೊದಲ ಸ್ವಂತ ಆಲ್ಬಮ್ ಅಂತ ಕೊಟ್ಟಿದ್ದು 87 ನಿಮಿಷದ ಕೊಳಲು. ಒಂದು ಸಾಲು ಮಾತಿಲ್ಲ. ರ್‍ಯಾಪ್ ಕೇಳಲು ಹೋದವನಿಗೆ ಕೋಪ ಬರುತ್ತದೆ, ನನಗೂ ಬಂತು. ಎಷ್ಟೋ ತಿಂಗಳಾದ ಮೇಲೆ, ನಿದ್ದೆ ಬಾರದ ಒಂದು ರಾತ್ರಿ, ಏನೂ ನಿರೀಕ್ಷೆ ಇಲ್ಲದೆ ಹಾಕಿದೆ. ಅವರು ನುಡಿಸುವುದರಲ್ಲಿ ಪಳಗಿದ ಕೈಯ ಜಂಬ ಇಲ್ಲ. ಒಂದು ಸ್ವರ ಊದಿ, ಅದು ಎಲ್ಲಿಗೆ ಹೋಗುತ್ತದೆ ಅಂತ ತಾವೂ ಕಾದು ನೋಡುತ್ತಾರೆ. ನಮ್ಮ ಕೊಳಲು ಕೇಳಿ ಬೆಳೆದವರಿಗೆ ಇದು ತೀರಾ ಸರಳ ಅನ್ನಿಸಬಹುದು. ನುಡಿಸಾಣಿಕೆ ಹುಡುಕಬೇಡಿ, ಸುಮ್ನೆ ಜೊತೆಗೆ ಕೂತಿರಿ. ಈಗ 7.

ಕೊನೆಗೆ ಇಟ್ಟುಕೊಂಡಿದ್ದು ಶಕ್ತಿ ಅನ್ನುವ ತಂಡ. ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಶಂಕರ್ ಮಹಾದೇವನ್, ಗಣೇಶ್ ರಾಜಗೋಪಾಲನ್, ಸೆಲ್ವಗಣೇಶ್. ಇವರ ‘ದಿಸ್ ಮೊಮೆಂಟ್’ 2023ರ ಜೂನ್‌ನಲ್ಲಿ ಬಂತು. ಶಕ್ತಿ ಅನ್ನುವ ಹೆಸರಲ್ಲಿ ಅದಕ್ಕೆ ಹಿಂದಿನ ಸ್ಟುಡಿಯೋ ಆಲ್ಬಮ್ 1977ರದು. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂದಾಗ ಎಲ್ಲರೂ ಕೇಳಿದರು, ನಾನು ಅಷ್ಟರಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಎಡಪುಟ 8. ಮೆಕ್‌ಲಾಫ್ಲಿನ್ ಬಳಸುವ ಗಿಟಾರ್ ಸಿಂಥ್, ಅಂದರೆ ಗಿಟಾರಿನಿಂದ ನುಡಿಸುವ ಎಲೆಕ್ಟ್ರಾನಿಕ್ ಸದ್ದು, ನುಣುಪು ಜಾಸ್ತಿ ಅಂತ 2 ಅಂಕ ಕಡಿಮೆ ಮಾಡಿದ್ದೆ. ಇವತ್ತಿಗೂ ಆ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಳೆಯ ಶಕ್ತಿಯ ತಂತಿಯ ಸದ್ದು ಇಲ್ಲಿಲ್ಲ. ತ್ಯಾಗರಾಜರ ಕೃತಿಯನ್ನು ಆಧರಿಸಿದ ‘ಗಿರಿರಾಜ್ ಸುಧಾ’ದಲ್ಲಿ ಶಂಕರ್ ಮಹಾದೇವನ್ ದನಿ ಎತ್ತಿದ ಕೂಡಲೇ ಮಾತ್ರ ಆ ದೂರೆಲ್ಲ ಮರೆತು ಹೋಗುತ್ತದೆ.

ಮೊದಲ ಹಾಡಿನ ಹೆಸರು ‘ಶ್ರೀನೀಸ್ ಡ್ರೀಮ್’. 2014ರಲ್ಲಿ ತೀರಿಕೊಂಡ ಮ್ಯಾಂಡೊಲಿನ್ ಶ್ರೀನಿವಾಸ್ ಅವರ ನೆನಪಿಗೆ. ಈ ಬಳಗದ ಜೊತೆ ನುಡಿಸುತ್ತಿದ್ದವರು ಅವರು. ಮೊದಮೊದಲು ನಾನು ಈ ಹಾಡನ್ನು ಒಬ್ಬ ಗೆಳೆಯನಿಗೆ ಉಳಿದ ಗೆಳೆಯರು ನುಡಿಸಿದ ಕಾಣಿಕೆ ಅಂತ ಕೇಳುತ್ತಿದ್ದೆ. 2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ಕೂಡ ಹೋದರು. ಆಮೇಲೆ ಕೆಲವು ವಾರ ಈ ಆಲ್ಬಮ್ ಮುಟ್ಟಲು ಆಗಲಿಲ್ಲ.

ಈಗ ಕೇಳುವಾಗ ನನ್ನ ಕಿವಿ ಬೇರೆ ಕಡೆ ಹೋಗುತ್ತದೆ. ವೇಗವಾಗಿ ನುಡಿಸುವ ಜಾಗಗಳಿಗಿಂತ, ಬೇರೆಯವರು ಹಾಡುವಾಗ ತಬಲಾ ಹಿಂದೆ ಸರಿದು ಏನು ಮಾಡುತ್ತದೆ ಅನ್ನುವುದನ್ನೇ ಕೇಳುತ್ತೇನೆ. ಎಡಗೈ ಬಾಯಾ ಮೇಲೆ, ಅಂದರೆ ತಬಲಾ ಜೋಡಿಯ ದೊಡ್ಡದರ ಮೇಲೆ, ಒತ್ತಿ ಜಾರುವಾಗ ಒಂದು ಗುಂಯ್ ಸದ್ದು ಬರುತ್ತದೆ, ಹಾಡಿಗೆ ‘ಹೂಂ, ಆಮೇಲೆ?’ ಅಂದ ಹಾಗೆ. ಪಕ್ಕದಲ್ಲಿ ಸೆಲ್ವಗಣೇಶ್ ಅವರ ಖಂಜಿರ ಅದಕ್ಕೆ ಉತ್ತರ ಕೊಡುತ್ತದೆ. ಆ ಮಾತುಕತೆ ಇಷ್ಟು ದಿನ ಹಾಡಿನ ಕೆಳಗೇ ನಡೆಯುತ್ತಿತ್ತು, ನಾನು ಮೇಲಿನದನ್ನು ಮಾತ್ರ ಕೇಳುತ್ತಿದ್ದೆ. ಬಲಪುಟದಲ್ಲಿ ಇದಕ್ಕೆ ಇನ್ನೂ ಅಂಕ ಬರೆದಿಲ್ಲ.