ಹೀಟರ್ ಕಾಯಿಲ್ ಬದಲಿಸೋಕೆ ಬಾಕ್ಸ್ ಕೊಯ್ಯಲು ಬಿಡಬೇಡಿ

ಹಳೇ ಕಾರು ಇಟ್ಟುಕೊಂಡಿರುವ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡ್ಯಾಶ್‌ಬೋರ್ಡ್ ಬಿಚ್ಚದೆ ಹೀಟರ್ ಕಾಯಿಲ್ ಹಾಕಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಾನು ಒಪ್ಪಿದೆ. ಎರಡು ತಿಂಗಳಲ್ಲಿ ನಮ್ಮವ್ವನ ಬಲಗಾಲು ಸುಟ್ಟಿತು.

ನಮ್ಮದು 1999ರ ಎಸ್ಟೀಮ್. ಅಪ್ಪ ತಗೊಂಡ ಗಾಡಿ, ಅವರು ಹೋದ ಮೇಲೂ ಮಾರೋಕೆ ಮನಸ್ಸು ಬಂದಿಲ್ಲ. ಫೆಬ್ರುವರಿಯಲ್ಲಿ ಒಂದು ದಿನ ಎಡಗಡೆ ಸೀಟಿನ ಮುಂದಿನ ಮ್ಯಾಟ್ ಒದ್ದೆ ಆಗಿತ್ತು. ಎಸಿ ನೀರು ಇರಬೇಕು ಅಂದುಕೊಂಡು ಎರಡು ದಿನ ಸುಮ್ನೆ ಬಿಟ್ಟೆ. ಮೂರನೇ ದಿನ ಮುಟ್ಟಿ ನೋಡಿದರೆ ಬೆರಳಿಗೆ ಜಿಡ್ಡು ಹತ್ತಿತು, ತಿಳಿ ಹಸಿರು ಬಣ್ಣ, ಪಾಕದ ಹಾಗೆ ಸಿಹಿ ವಾಸನೆ. ಎಸಿ ನೀರಿಗೆ ಜಿಡ್ಡೂ ಇರಲ್ಲ, ಬಣ್ಣವೂ ಇರಲ್ಲ. ಅದು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡೋಕೆ ಅದರೊಳಗೆ ತಿರುಗುವ ದ್ರವ. ಮುಂದಿನ ಗಾಜಿಗೂ ಒಳಗಡೆಯಿಂದ ತೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತಿತ್ತು, ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಸವರಿದಂತೆ ಹರಡುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹೀಟರ್ ಕಾಯಿಲ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಒಂದು ಪ್ಲಾಸ್ಟಿಕ್ ಬಾಕ್ಸಿನೊಳಗೆ ಕೂತಿರುವ ಚಿಕ್ಕ ರೇಡಿಯೇಟರ್. ಇಂಜಿನ್ನಿನ ಬಿಸಿ ಕೂಲೆಂಟ್ ಒಂದು ಪೈಪಿನಲ್ಲಿ ಅದರೊಳಗೆ ಬಂದು ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ನಮ್ಮ ಬಿಸಿಲಿನಲ್ಲಿ ಹೀಟರ್ ಯಾರು ಹಾಕ್ತಾರೆ ಅಂತ ಕೇಳಬಹುದು. ಹಾಕಲ್ಲ ನಿಜ. ಆದರೆ ಹೀಟರ್ ಆಫ್ ಇದ್ದರೂ ಆ ಕಾಯಿಲಿನಲ್ಲಿ ಕೂಲೆಂಟ್ ಇರುತ್ತದೆ, ಪ್ರೆಷರ್ ಇರುತ್ತದೆ. ಕಾಯಿಲಿಗೆ ಬರುವ ಕೂಲೆಂಟ್ ತಡೆಯುವ ವಾಲ್ವ್ ಇರುವ ಗಾಡಿಯಲ್ಲಿ ವಾಲ್ವ್ ಮುಚ್ಚಿದರೂ ವಾಪಸ್ ಹೋಗುವ ಪೈಪಿನ ಕಡೆಯಿಂದ ಪ್ರೆಷರ್ ಬಂದೇ ಬರುತ್ತದೆ. ಹಾಗಾಗಿ ಬಳಸದೆ ಇದ್ದರೂ ಅದು ಸೋರಬಹುದು. ಅದರಲ್ಲೂ ನಾವು ಎಷ್ಟೋ ಜನ ಕೂಲೆಂಟ್ ಬದಲು ಬೋರ್ ನೀರು ತುಂಬಿಸ್ತೀವಿ. ನಮ್ಮ ಕಡೆಯ ಗಡಸು ನೀರು ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ಆ ಸಣ್ಣ ಕೊಳವೆಗಳಿಗೂ ಕಟ್ಟುತ್ತದೆ, ಒಳಗಿಂದ ತುಕ್ಕೂ ಹಿಡಿಯುತ್ತದೆ.

ಗ್ಯಾರೇಜಿಗೆ ಒಯ್ದೆ. ಡ್ಯಾಶ್‌ಬೋರ್ಡ್ ಇಳಿಸಿ ಮಾಡಿದರೆ ಎಲ್ಲಾ ಸೇರಿ 6,000 ಅಂದರು. ಆಮೇಲೆ ಅವರೇ ಇನ್ನೊಂದು ದಾರಿ ಹೇಳಿದರು. "ಸರ, ಡ್ಯಾಶ್‌ಬೋರ್ಡ್ ಇಳಸೋದಂದ್ರ ಎರಡು ದಿನದ ಕೆಲಸ್ರೀ. ಬಾಕ್ಸಿಗೆ ಸೈಡಿನಾಗ ಒಂದು ಕಿಟಕಿ ಕೊಯ್ದು, ಹಳೇದು ಎಳದು ಹೊಸಾದು ಕೂಡಿಸಿಬಿಡ್ತೀನಿ. 2,500 ಕೊಡ್ರಿ, ಸಂಜಿಗೆ ಗಾಡಿ ಒಯ್ರಿ." ಹಳೇ ಗಾಡಿಗೆ ಅಷ್ಟೆಲ್ಲಾ ಯಾಕೆ ಅನ್ನಿಸಿತು. ಹೂಂ ಅಂದೆ.

ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು, ಸೀಟಿನ ಕೆಳಗೆ ತಲೆ ಹಾಕಿ ಮಲಗಿ ಬಾಕ್ಸ್ ಕೊಯ್ದರು. ಹೊಸ ಕಾಯಿಲ್ ಆ ಕಿಂಡಿಯಲ್ಲಿ ನೇರವಾಗಿ ಹೋಗಲಿಲ್ಲ, ಪೈಪಿನ ತುದಿ ತಗುಲುತ್ತಿತ್ತು. ಕೈಯಲ್ಲೇ ಸ್ವಲ್ಪ ಮಣಿಸಿ ಒಳಗೆ ಸೇರಿಸಿದರು. ಕೊಯ್ದ ತುಂಡನ್ನು ವಾಪಸ್ ಇಟ್ಟು ಸುತ್ತ ಎಂ-ಸೀಲ್ ಮೆತ್ತಿದರು. ಸಂಜೆ ಗಾಡಿ ಕೊಟ್ಟರು. ಸೋರಿಕೆ ನಿಂತಿತ್ತು, ನನಗೂ ಖುಷಿ ಆಯಿತು.

ಆ ಬಾಕ್ಸ್ ಬರೀ ಮುಚ್ಚಳ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಕಾಯಿಲನ್ನು ಅಲುಗದಂತೆ ಹಿಡಿದುಕೊಳ್ಳುವುದೇ ಅದು. ಒಳಗೆ ಕಾಯಿಲ್ ಕೂರುವ ತೋಡು ಇದೆ, ಕ್ಲಿಪ್ ಇದೆ, ಸುತ್ತ ಸ್ಪಂಜಿನ ಪಟ್ಟಿ ಇದೆ. ಅದನ್ನು ಕೊಯ್ದರೆ ಕಾಯಿಲ್ ತನ್ನ ಎರಡು ಪೈಪುಗಳ ಮೇಲೆ ಜೋತಾಡುತ್ತದೆ. ಕುಡತಿನಿ, ತೋರಣಗಲ್ಲು ಕಡೆಯ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವ ಗಾಡಿ ನಮ್ಮದು. ಪ್ರತಿ ಗುಂಡಿಗೂ ಒಳಗೆ ಕಾಯಿಲ್ ಕುಣಿಯುತ್ತಿತ್ತು, ಆ ಎಳೆತವೆಲ್ಲ ಬೀಳುತ್ತಿದ್ದುದು ಮೊದಲೇ ಮಣಿಸಿದ್ದ ಪೈಪಿನ ಬೆಸುಗೆಯ ಮೇಲೆ.

ಒಂದು ತಿಂಗಳಾದ ಮೇಲೆ ಮತ್ತೆ ಸಿಹಿ ವಾಸನೆ ಶುರುವಾಯಿತು. ಫೋನ್ ಮಾಡಿದರೆ, "ಒಳಗ ಹಳೇದು ಬಿದ್ದಿದ್ದು ಒಣಗಬೇಕಲ್ರೀ, ಹೋಗ್ತದ ಬಿಡ್ರಿ" ಅಂದರು. ಕೂಲೆಂಟಿನ ರಿಸರ್ವ್ ಟ್ಯಾಂಕಿನಲ್ಲಿ ಮಟ್ಟ ಇಳಿದಿದೆಯಾ ಅಂತ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡಲಿಲ್ಲ. ಅದು ನನ್ನ ತಪ್ಪು.

ಏಪ್ರಿಲ್ ಕೊನೆಯ ವಾರ ಅವ್ವನನ್ನು ಕರೆದುಕೊಂಡು ಸಿಂಧನೂರಿಗೆ ಮದುವೆಗೆ ಹೊರಟೆ. ಸಿರುಗುಪ್ಪ ದಾಟಿದ್ದೆವು, ತುಂಗಭದ್ರೆಯ ಸೇತುವೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಬಿಸಿಲು. ಪಟ್ ಅಂತ ಒಂದು ಸಣ್ಣ ಸದ್ದು ಬಂತು. ಅದರ ಹಿಂದೆಯೇ ಅವ್ವ "ಯಪ್ಪಾ ಕಾಲು" ಅಂತ ಕೂಗಿದಳು. ಡ್ಯಾಶ್‌ಬೋರ್ಡಿನ ಕೆಳಗಿಂದ ಕೊತಕೊತ ಕುದಿಯುವ ಕೂಲೆಂಟ್ ಅವಳ ಪಾದದ ಮೇಲೆ ಸುರಿಯುತ್ತಿತ್ತು. ಅದೇ ಕ್ಷಣಕ್ಕೆ ಹಬೆ ತುಂಬಿ ಮುಂದಿನ ಗಾಜು ಬೆಳ್ಳಗಾಯಿತು, ರಸ್ತೆಯೇ ಕಾಣಲಿಲ್ಲ. ಎದುರಿಗೆ ಭತ್ತದ ಲಾರಿ ಬರುತ್ತಿದ್ದುದನ್ನು ಆಗಷ್ಟೇ ನೋಡಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂದಾಜಿನ ಮೇಲೆ ಎಡಕ್ಕೆ ತಗೊಂಡು ನಿಲ್ಲಿಸಿದೆ. ಲಾರಿಯವನು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋದ.

ರಸ್ತೆ ಪಕ್ಕದ ಹೊಲದ ಮನೆಯವರು ಓಡಿ ಬಂದು ತೊಟ್ಟಿಯ ಹತ್ತಿರ ಅವ್ವನನ್ನು ಕೂರಿಸಿದರು. ಇಪ್ಪತ್ತು ನಿಮಿಷ ಪಾದದ ಮೇಲೆ ತಣ್ಣೀರು ಹಾಕುತ್ತಲೇ ಇದ್ದೆವು. ಯಾರೋ ಟೂತ್‌ಪೇಸ್ಟ್ ಹಚ್ಚಿ ಅಂದರು, ಆ ಮನೆಯ ಸೊಸೆ ಬೇಡ ಅಂದಳು. ಅವಳು ಹೇಳಿದ್ದೇ ಸರಿ ಅಂತ ಆಮೇಲೆ ಡಾಕ್ಟರೂ ಹೇಳಿದರು. ಟಂಟಂನಲ್ಲಿ ಸಿರುಗುಪ್ಪಕ್ಕೆ ವಾಪಸ್ ಬಂದೆವು. ಪಾದದ ಮೇಲೆ ಅಂಗೈಯಷ್ಟು ಅಗಲ ಬೊಕ್ಕೆ ಎದ್ದಿತ್ತು. ವಾಸಿಯಾಗೋಕೆ ಐದು ವಾರ ಹಿಡಿಯಿತು. ಅವ್ವನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಆ ಐದು ವಾರ ನಾನು ಹೇಗೆ ಕಳೆದೆ ಅನ್ನೋದು ನನಗೇ ಗೊತ್ತು.

ಈ ಸಲ ಬೇರೆ ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿದರು. ನನ್ನನ್ನು ಕರೆದು ತೋರಿಸಿದರು. ಪೈಪು ಕಾಯಿಲಿಗೆ ಸೇರುವ ಜಾಗದಲ್ಲಿ ಕಾಲು ಸುತ್ತು ಬಿರುಕು ಬಿಟ್ಟಿತ್ತು. ಬ್ಲೇಡ್ ತಾಗಿ ಬ್ಲೋವರಿನ ಎರಡು ವೈರುಗಳ ಮೇಲ್ಪದರ ಹರಿದು ತಾಮ್ರ ಕಾಣುತ್ತಿತ್ತು. ಕೊಯ್ದ ಬಾಕ್ಸ್ ಮತ್ತೆ ಬಳಸುವಂತೆ ಇರಲಿಲ್ಲ. ಹೊಸ ಬಾಕ್ಸ್ ಎಲ್ಲೂ ಸಿಗಲಿಲ್ಲ, ಬೆಂಗಳೂರಿನ ಗುಜರಿಯಿಂದ ತರಿಸಬೇಕಾಯಿತು. ಎಲ್ಲಾ ಸೇರಿ 11,500. ಆಸ್ಪತ್ರೆ ಖರ್ಚು ಬೇರೆ.

ಈಗ ಕೈಯಲ್ಲಿ ದುಡ್ಡಿಲ್ಲ, ಕಾಯಿಲ್ ಸೋರ್ತಿದೆ ಅಂದರೆ ಏನು ಮಾಡೋದು? ಎರಡನೇ ಮೇಸ್ತ್ರಿ ಹೇಳಿದ್ದು ಇದು. ಬಾನೆಟ್ ಒಳಗೆ, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ ಎರಡು ರಬ್ಬರ್ ಹೋಸ್ ಹೋಗಿರುತ್ತವೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಎರಡನ್ನೂ ಕಾಯಿಲಿನಿಂದ ಬಿಚ್ಚಿ, ಒಂದಕ್ಕೊಂದು ಜೋಡಿಸಿ ಒಳ್ಳೇ ಕ್ಲ್ಯಾಂಪ್ ಹಾಕಿಸಿ. ಆಗ ಕಾಯಿಲಿಗೆ ಕೂಲೆಂಟ್ ಹೋಗುವುದೇ ಇಲ್ಲ, ಕಾಲ ಮೇಲೆ ಬೀಳುವ ಭಯವೂ ಇಲ್ಲ. ಬೋಲ್ಟ್ ತುರುಕಿ ಎರಡನ್ನೂ ಮುಚ್ಚಿಸಬೇಡಿ, ಕೆಲವು ಇಂಜಿನ್ನಿನಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ಮುಚ್ಚಿರುವಾಗಲೂ ಕೂಲೆಂಟ್ ತಿರುಗುವುದು ಇದೇ ದಾರಿಯಲ್ಲಿ. ಹೋಸ್ ಅಂಟಿಕೊಂಡಿದ್ದರೆ ಪ್ಲೈಯರ್ ಹಾಕಿ ತಿರುಚಲು ಬಿಡಬೇಡಿ, ಕಾಯಿಲಿನ ಪೈಪು ಮಣಿಯುತ್ತದೆ. ರಬ್ಬರನ್ನು ಉದ್ದಕ್ಕೆ ಸೀಳಿ ತೆಗೆದು ಹೊಸ ಹೋಸ್ ಹಾಕಿದರೆ ಆಯಿತು. ಆಮೇಲೆ ಒಳಗಿನ ಗಾಳಿ ತೆಗೆಸೋದು ಮರೀಬೇಡಿ, ಗಾಳಿ ಉಳಿದರೆ ಇಂಜಿನ್ ಹೀಟ್ ಆಗುತ್ತದೆ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯೋಕೆ ಎಸಿ ಸಾಕು.

ಕಾಯಿಲ್ ಹಾಕಿಸುವುದೇ ಆದರೆ, ಡ್ಯಾಶ್‌ಬೋರ್ಡ್ ವಾಪಸ್ ಕೂರಿಸುವ ಮುಂಚೆ ಗ್ಯಾರೇಜಿಗೆ ಹೋಗಿ. ರೇಡಿಯೇಟರ್ ಫ್ಯಾನ್ ಒಂದೆರಡು ಸಲ ಶುರುವಾಗಿ ನಿಲ್ಲುವ ತನಕ ಇಂಜಿನ್ ಓಡಿಸಿ. ಆಫ್ ಮಾಡಿ, ಪೈಪಿನ ಸಂದಿಗೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಒಂದು ಚುಕ್ಕೆ ಹಸಿ ಕಂಡರೂ ಮುಚ್ಚಲು ಬಿಡಬೇಡಿ.

ಇನ್ನೊಂದು ಮಾತು. ಕೂಲೆಂಟ್ ಬಿದ್ದ ಮ್ಯಾಟನ್ನು ನಾನು ಅಂಗಳದಲ್ಲಿ ಒಣಗೋಕೆ ಹಾಕಿದ್ದೆ, ಬೀದಿ ನಾಯಿ ಬಂದು ನೆಕ್ಕುತ್ತಿತ್ತು. ಓಡಿಸಿ ಒಳಗೆ ತಂದೆ. ಸಿಹಿ ಇರುತ್ತದೆ, ಆದರೆ ವಿಷ, ಕಿಡ್ನಿಯನ್ನೇ ಹಾಳು ಮಾಡುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಮ್ಯಾಟ್ ತೊಳೆದ ನೀರನ್ನೂ ಹೊರಗೆ ನಿಲ್ಲಲು ಬಿಡಬೇಡಿ.